ಇಪ್ಪತ್ತು ವರ್ಷ ತುಂಡುತುಂಡಾಗಿ ಒಳಬಂದ ಸೌಲಭ್ಯ

ಲೇಸರ್ ಬೆಸುಗೆ ಯಂತ್ರಕ್ಕೆ ವೇಗಕ್ಕಿಂತ ಸಮಯಪಾಲನೆ ಮುಖ್ಯ. ಕಿರಣವನ್ನು ಆರಿಸಬೇಕಾದ ಹೊತ್ತಿಗೆ ಕಂಪ್ಯೂಟರ್ ಬೇರೇನೋ ಕೆಲಸದಲ್ಲಿ ಮುಳುಗಿದ್ದರೆ ಲೋಹ ಸುಟ್ಟುಹೋಗುತ್ತದೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗೆ ಈ ತೊಡಕಿತ್ತು. ಅದರ ತಿರುಳಾದ ಕರ್ನೆಲ್ ಕೆಲವು ಕೆಲಸಗಳಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತರೆ, ಎಂಥ ತುರ್ತು ಕೆಲಸವೂ ಹೊರಗೆ ಕಾಯಬೇಕಿತ್ತು.

2004ರ ಸುಮಾರಿಗೆ ಇಂಗೋ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮತ್ತು ಸಂಗಡಿಗರು ಇದಕ್ಕೆ ಪರಿಹಾರ ಬರೆಯತೊಡಗಿದರು. ‘ಪ್ರಿಎಂಪ್ಟ್-ಆರ್‌ಟಿ’ ಎಂಬ ಆ ರಿಯಲ್-ಟೈಮ್ (ಹೊತ್ತಿಗೆ ಸರಿಯಾಗಿ ಕೆಲಸ ಮಾಡುವ) ಸೌಲಭ್ಯ ಮುಖ್ಯ ಲಿನಕ್ಸ್‌ನಲ್ಲಿ ಬಳಕೆಗೆ ಸಿಕ್ಕಿದ್ದು 2024ರಲ್ಲಿ.

ಇಷ್ಟು ತಡವೇಕೆ?

ಲಿನಕ್ಸ್‌ನಲ್ಲಿ ‘ಈ ಸೌಲಭ್ಯ ಬೇಕು, ಮಾಡಿ’ ಎಂದು ಆಜ್ಞೆ ಕೊಡುವ ಮೇಲಧಿಕಾರಿ ಇಲ್ಲ. ಬೇಕಾದವರೇ ಬರೆಯಬೇಕು. ಬರೆದ ಪ್ರತಿ ಪ್ಯಾಚನ್ನೂ, ಅಂದರೆ ಕೋಡಿನ ಬದಲಾವಣೆಯನ್ನೂ, ಆಯಾ ವಿಭಾಗದ ಮೇಂಟೇನರ್‌ಗಳು ಸಾಲುಸಾಲಾಗಿ ಪರೀಕ್ಷಿಸುತ್ತಾರೆ. ಅವರು ಒಪ್ಪಿದರಷ್ಟೇ ಅದು ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಅವರನ್ನು ಮುಟ್ಟುತ್ತದೆ. ಸೌಲಭ್ಯ ಬೇಡದವರ ಕಂಪ್ಯೂಟರ್ ನಿಧಾನವಾಗಕೂಡದು, ಮುಂದೆ ಆ ಕೋಡನ್ನು ನೋಡಿಕೊಳ್ಳುವವರಿಗೂ ಅದು ಹೊರೆಯಾಗಕೂಡದು. ಲಿನಕ್ಸ್‌ನಿಂದ ಲೇಸರ್ ನಡೆಸುವುದೇ ಹುಚ್ಚು ಎಂದು 2006ರಲ್ಲಿ ಹೇಳಿದ್ದ ಟೊರ್ವಾಲ್ಡ್ಸ್, ಆ ಹುಚ್ಚಿಗೆ ಅಡ್ಡಿ ಮಾತ್ರ ಬರಲಿಲ್ಲ.

ಕರ್ನೆಲ್‌ನ ಮೂಲೆಮೂಲೆಯನ್ನೂ ಮುಟ್ಟುವ ಬದಲಾವಣೆಯನ್ನು ಇಡಿಯಾಗಿ ಯಾರೂ ಪರೀಕ್ಷಿಸಲಾರರು. ಹಾಗಾಗಿ ತಂಡ ಅದನ್ನು ಬಿಡಿಸಿತು. ಪ್ರತಿ ತುಂಡೂ ತನ್ನ ಉಪಯೋಗದಿಂದಲೇ ಗೆಲ್ಲಬೇಕಿತ್ತು. ಸೂಕ್ಷ್ಮ ಸಮಯ ಅಳೆಯುವ ಟೈಮರ್‌ಗಳು 2006ರಲ್ಲಿ ಸೇರತೊಡಗಿದವು. ಅದೇ ವರ್ಷ ಬಂದ ‘ಲಾಕ್‌ಡೆಪ್’, ಎರಡು ಕೆಲಸಗಳು ಪರಸ್ಪರ ಕಾಯುತ್ತ ಸ್ತಬ್ಧವಾಗುವ ದೋಷವನ್ನು ಮೊದಲೇ ಪತ್ತೆಮಾಡುವ ಸಾಧನ. ಕರ್ನೆಲ್‌ನ ಒಳ ನಡೆಯನ್ನು ದಾಖಲಿಸುವ ‘ಎಫ್‌ಟ್ರೇಸ್’ 2008ರಲ್ಲಿ ಬಂತು. ರಿಯಲ್-ಟೈಮ್ ಎಂಬ ಮಾತನ್ನೇ ಕೇಳದ ಲಕ್ಷಾಂತರ ಮಂದಿಯ ಕಂಪ್ಯೂಟರು, ಫೋನುಗಳಿಗೂ ಇವುಗಳ ಫಲ ದಕ್ಕಿತು.

ಕೆಲಸ ಬೆಳೆಯಿತು, ದುಡಿಯುವ ಕೈಗಳು ಸಾಲದಾದವು. 2015ರಲ್ಲಿ ಲಿನಕ್ಸ್ ಫೌಂಡೇಶನ್ ಇದಕ್ಕಾಗಿ ಒಂದು ಯೋಜನೆ ಆರಂಭಿಸಿ, ಕಂಪನಿಗಳ ಹಣ ಹೊಂದಿಸಿತು.

ಕೊನೆಗೆ ಉಳಿದ ದೊಡ್ಡ ತಡೆ, ಕರ್ನೆಲ್ ತನ್ನ ಸಂದೇಶಗಳನ್ನು ಮುದ್ರಿಸುವ ‘ಪ್ರಿಂಟ್‌ಕೆ’. ಅದು ನಿಧಾನದ ಕನ್ಸೋಲ್‌ಗೆ ಬರೆಯುವಾಗ ತುರ್ತು ಕೆಲಸಗಳು ನಿಲ್ಲುತ್ತಿದ್ದವು. ಹಾಗೆಂದು ಬರೆಯುವುದನ್ನು ಮುಂದೂಡಿದರೆ, ಕಂಪ್ಯೂಟರ್ ಕುಸಿಯುವಾಗ ಕಾರಣ ತಿಳಿಸುವ ಸಂದೇಶವೇ ಕಳೆದುಹೋಗಬಹುದು. ಎರಡನ್ನೂ ಸರಿದೂಗಿಸಲು ಜಾನ್ ಓಗ್ನೆಸ್ ಮತ್ತಿತರರು ವರ್ಷಗಟ್ಟಲೆ ಅದನ್ನು ಮರುರಚಿಸಿದರು.

2024ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಗ್ಲೈಕ್ಸ್‌ನರ್ ಅಂತಿಮ ಕೋರಿಕೆಯನ್ನು ಕಾಗದದಲ್ಲಿ ಮುದ್ರಿಸಿ ಟೊರ್ವಾಲ್ಡ್ಸ್ ಕೈಗಿತ್ತರು. ಅದರಲ್ಲಿದ್ದದ್ದು ಕೆಲವೇ ಸಾಲು: ಎಕ್ಸ್86, ಆರ್ಮ್64, ರಿಸ್ಕ್-ವಿ ಪ್ರೊಸೆಸರ್‌ಗಳಲ್ಲಿ ಸೌಲಭ್ಯವನ್ನು ಆಯ್ದುಕೊಳ್ಳಲು ಅನುಮತಿ. ಉಳಿದ ಸಾವಿರಾರು ಸಾಲುಗಳು ಅದಾಗಲೇ ಒಳಗಿದ್ದವು. ನವೆಂಬರ್ 17ರಂದು ಈ ಸೌಲಭ್ಯವಿದ್ದ ಲಿನಕ್ಸ್ 6.12ನೇ ಆವೃತ್ತಿ ಬಿಡುಗಡೆಯಾಯಿತು. ಹಳೆಯ 32-ಬಿಟ್ ಆರ್ಮ್ ಪ್ರೊಸೆಸರ್‌ಗಳಿಗೆ ಅದರಲ್ಲಿ ಈ ಅನುಮತಿ ಇರಲಿಲ್ಲ. ಅವಕ್ಕೆ ಬೇಕಾದ ಪ್ಯಾಚ್‌ಗಳು ಹೊರಗೇ ಉಳಿದಿದ್ದವು.