ಗಿರಾಕಿಯ ವೀಸಾ, ಧಣಿಯ ಕಾಗದ

ಮಂಗಳೂರು: ಬಂದರಿನ ಗೇರುಬೀಜದ ವ್ಯಾಪಾರಿಗೆ ಆಫ್ರಿಕದ ಕಚ್ಚಾ ಬೀಜದ ದರ ಗೊತ್ತು. ಹಡಗು ಪಣಂಬೂರಿಗೆ ಮುಟ್ಟುವ ದಿನ ಗೊತ್ತು. ಡಾಲರಿನ ಬೆಲೆಯಂತೂ ಬೆಳಗ್ಗೆ ಚಾ ಕುಡಿಯುವ ಮೊದಲೇ ಗೊತ್ತು. ಆದರೆ ಬೀಜ ಮಾರುವ ಮನುಷ್ಯ ತಾನೇ ಖುದ್ದಾಗಿ ಬಂದು ಮಾತು ಮುಗಿಸುತ್ತೇನೆ ಅಂದರೆ ಅವನಿಗೆ ಯಾವ ಕಾಗದ ಬೇಕು ಅಂತ ಕೇಳಿ ನೋಡಿ. "ಅದೆಂತ ಮಾರಾಯ್ರೆ, ಈಗ ಎಲ್ಲ ಆನ್‌ಲೈನ್ ಅಲ್ವಾ? ಅವರೇ ಮಾಡ್ಕೊಂಡು ಬರ್ತಾರೆ" ಅನ್ನುವ ಉತ್ತರವೇ ಹೆಚ್ಚು.

ತೊಡಕು ಇರುವುದು ಅಲ್ಲೇ. ಅವರು ಮಾಡಿಕೊಂಡು ಬರುವುದು ಅರ್ಧ ಕೆಲಸ. ಉಳಿದರ್ಧ ಕರೆಸಿಕೊಳ್ಳುವ ಧಣಿಯ ಲೆಟರ್‌ಹೆಡ್ಡಿನ ಮೇಲೆ ನಿಂತಿದೆ. ಆ ಕಾಗದ ತಪ್ಪಿದರೆ ಗಿರಾಕಿ ಅಲ್ಲೇ, ಸರಕು ಇಲ್ಲೇ.

ಚೀಟಿ ಹುಟ್ಟಿದ್ದು ಹೀಗೆ

ಮೊದಲೆಲ್ಲ ಪರದೇಶದವನು ಇಲ್ಲಿಗೆ ಬರಬೇಕಾದರೆ ತನ್ನ ಊರಿನ ಭಾರತೀಯ ರಾಯಭಾರ ಕಚೇರಿಗೆ ಅಲೆದು ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿಕೊಂಡೇ ಬರಬೇಕಿತ್ತು. 2014ರ ನವೆಂಬರ್ 27ರಂದು ಕೇಂದ್ರ ಸರ್ಕಾರ 43 ದೇಶಗಳವರಿಗೆ ಹೊಸ ದಾರಿ ತೆರೆಯಿತು. ಅರ್ಜಿ, ಫೋಟೋ, ಫೀಸು ಎಲ್ಲ ಕಂಪ್ಯೂಟರಿನಲ್ಲಿ. ಒಪ್ಪಿಗೆಯಾದರೆ ಇ-ಮೇಲ್‌ನಲ್ಲಿ ಒಂದು ಚೀಟಿ ಬರುತ್ತದೆ. ಅದರ ಹೆಸರೇ ಎಲೆಕ್ಟ್ರಾನಿಕ್ ಟ್ರಾವೆಲ್ ಆಥರೈಸೇಶನ್, ಚುಟುಕಾಗಿ ಇ.ಟಿ.ಎ. ಆಮೇಲೆ ದೇಶಗಳ ಪಟ್ಟಿ ನೂರು ದಾಟಿ ಬೆಳೆಯಿತು.

ಶುರುವಿನಲ್ಲಿ ಇದು ಮುಖ್ಯವಾಗಿ ಊರು ನೋಡಲು ಬರುವವರ ಚೀಟಿ. ವ್ಯಾಪಾರಕ್ಕೆ ಬರುವವರಿಗಾಗಿಯೇ ಇ-ಬಿಸಿನೆಸ್ ವೀಸಾ ಎಂಬ ಬೇರೆ ವರ್ಗ ಬಂದದ್ದು 2017ರ ಏಪ್ರಿಲ್‌ನಲ್ಲಿ. ಇದರ ಅವಧಿ ಒಂದು ವರ್ಷ. ಆ ವರ್ಷದಲ್ಲಿ ಹಲವು ಸಲ ಬಂದು ಹೋಗಬಹುದು. ಆದರೆ ಒಂದೇ ಸಲಕ್ಕೆ 180 ದಿನ ಮೀರಿ ಕೂರಬೇಕೆಂದರೆ ನೋಂದಣಿ ಆಗಬೇಕು.

ಜಿಲ್ಲೆಯ ಮಟ್ಟಿಗೆ ಇನ್ನೊಂದು ಲಾಭ ಉಂಟು. ಈ ಚೀಟಿ ಹಿಡಿದವನು ಎಲ್ಲೆಂದರಲ್ಲಿ ಇಳಿಯುವ ಹಾಗಿಲ್ಲ, ಗೊತ್ತುಪಡಿಸಿದ ತಾಣಗಳಲ್ಲಿ ಮಾತ್ರ. ಆ ಪಟ್ಟಿಯಲ್ಲಿ ಬಜ್ಪೆಯ ವಿಮಾನ ನಿಲ್ದಾಣವೂ ಸೇರಿದೆ, ಪಣಂಬೂರಿನ ಬಂದರೂ ಸೇರಿದೆ. ಅಂದರೆ ದುಬೈಯಲ್ಲಿ ವಿಮಾನ ಬದಲಿಸಿ ಸೀದಾ ಬಜ್ಪೆಗೆ ಇಳಿಯಬಹುದು. ಬೆಂಗಳೂರು ಸುತ್ತಿ ಘಟ್ಟ ಇಳಿಯುವ ಕೆಲಸ ಇಲ್ಲ.

ಟೂರಿಸ್ಟ್ ಅಂತ ಹಾಕಿ ಬಿಡಿ!

ಇಷ್ಟು ಸಲೀಸಾದರೂ ಜನ ಎಡವುವ ಜಾಗ ಒಂದುಂಟು. "ಬಿಸಿನೆಸ್ ಅಂತ ಬರೆದರೆ ನೂರು ಕಾಗದ ಕೇಳ್ತಾರೆ, ಟೂರಿಸ್ಟ್ ಅಂತ ಹಾಕಿ ಬಿಡಿ" ಎಂಬ ಬಿಟ್ಟಿ ಸಲಹೆ. ಈ ಮಾತು ಕೇಳಿ ಇ-ಟೂರಿಸ್ಟ್ ಚೀಟಿ ಹಿಡಿದು ಬಂದವನ ಚೀಲದಲ್ಲಿ ಸ್ಯಾಂಪಲ್ ಪೊಟ್ಟಣ, ದರಪಟ್ಟಿ, ಒಪ್ಪಂದದ ಕರಡು ಇದ್ದರೆ ಇಮಿಗ್ರೇಶನ್ ಕೌಂಟರಿನಲ್ಲಿ ಏನಂತ ಹೇಳುವುದು? ಸೋಮೇಶ್ವರದ ಕಡಲು ನೋಡಲು ಬಂದೆ ಅಂತಲೇ?

ಇ.ಟಿ.ಎ. ಕೈಯಲ್ಲಿದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಅಂತ ಇಲ್ಲ. ಅದು ಹೊರಟು ಬರಲು ಸಿಕ್ಕ ಅಪ್ಪಣೆ. ಕೊನೆಯ ಮಾತು ನಿಲ್ದಾಣದ ಇಮಿಗ್ರೇಶನ್ ಅಧಿಕಾರಿಯದು. ಬೆರಳಚ್ಚು, ಮುಖದ ಚಿತ್ರ ತೆಗೆದ ಮೇಲೆ "ಏನು ಕೆಲಸ, ಯಾರ ಹತ್ತಿರ?" ಎಂದು ಕೇಳಿದರೆ ಬಾಯಲ್ಲಿ ಬರುವ ಉತ್ತರವೂ ಚೀಟಿಯಲ್ಲಿರುವ ವರ್ಗವೂ ತಾಳೆ ಆಗಬೇಕು. ಬಂದಿಳಿದ ಮೇಲೆ ವರ್ಗ ಬದಲಿಸಿ ಕೊಡಿ ಎಂದರೆ ಆಗುವುದಿಲ್ಲ.

ಖರೀದಿ, ಮಾರಾಟ, ಮಾತುಕತೆ, ಮೀಟಿಂಗು, ವಸ್ತುಪ್ರದರ್ಶನ: ಇವೆಲ್ಲ ಬಿಸಿನೆಸ್ ವರ್ಗದೊಳಗೆ ಬರುತ್ತವೆ. ಇಲ್ಲೇ ಸಂಬಳಕ್ಕೆ ನಿಂತು ಕೆಲಸ ಮಾಡುವುದು ಬರುವುದಿಲ್ಲ. ಅದಕ್ಕೆ ಉದ್ಯೋಗದ ವೀಸಾ ಬೇರೆಯೇ ಇದೆ. ಬೈಕಂಪಾಡಿಯ ಕಾರ್ಖಾನೆಯವರು ಇದನ್ನು ಗಮನಿಸಬೇಕು.

ಧಣಿ ಬರೆಯಬೇಕಾದ ಪತ್ರ

ಬಿಸಿನೆಸ್ ಅರ್ಜಿಗೆ ಎರಡು ಕಾಗದ ಮುಖ್ಯ: ಬರುವವನ ವಿಸಿಟಿಂಗ್ ಕಾರ್ಡು, ಕರೆಯುವವನ ಆಹ್ವಾನ ಪತ್ರ. ಅರ್ಜಿಯಲ್ಲಿ ಇಲ್ಲಿನ ಸಂಸ್ಥೆಯ ಹೆಸರು, ವಿಳಾಸ, ಫೋನ್ ನಂಬ್ರವನ್ನೂ ತುಂಬಬೇಕು.

"ಡಿಯರ್ ಫ್ರೆಂಡ್, ಯು ಆರ್ ವೆಲ್‌ಕಮ್" ಅಂತ ವಾಟ್ಸಪ್ಪಿನಲ್ಲಿ ಒಂದು ಗೆರೆ ಗೀಚಿದರೆ ಅದು ಪತ್ರ ಆಗುವುದಿಲ್ಲ. ಅಂಗಡಿಯ ಲೆಟರ್‌ಹೆಡ್ಡು ಇರಲಿ. ಬರುವವನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಪಾಸ್‌ಪೋರ್ಟ್ ನಂಬ್ರ, ಬರುವ ಉದ್ದೇಶ, ಯಾವ ದಿನದಿಂದ ಯಾವ ದಿನ, ಖರ್ಚು ಯಾರದ್ದು ಎಂಬುದು ಬಿಡಿಸಿ ಬರೆದಿರಲಿ. ಕೆಳಗೆ ಸಹಿ, ಸೀಲು, ಎತ್ತುವ ಫೋನ್ ನಂಬ್ರ. ಫೋನ್ ಬಂದಾಗ ಗಲ್ಲೆಯಲ್ಲಿ ಕೂತ ಹುಡುಗ "ಯಾರು? ನಮಗೆ ಗೊತ್ತಿಲ್ಲ" ಅಂದರೆ ಪತ್ರಕ್ಕೆ ಬೆಲೆ ಎಲ್ಲಿಂದ ಬರಬೇಕು?

ಬರುವವನ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಆಯುಸ್ಸು ಇರಬೇಕು, ಎರಡು ಖಾಲಿ ಪುಟ ಇರಬೇಕು. ಫೋಟೋ ಬಿಳಿ ಹಿನ್ನೆಲೆಯಲ್ಲಿ, ಮುಖ ನೇರ. ಹೊರಡಲು ನಾಲ್ಕು ದಿನ ಇರುವಂತೆಯಾದರೂ ಅರ್ಜಿ ಹಾಕಿರಬೇಕು. ಬುದ್ಧಿವಂತ ಅದಕ್ಕಿಂತ ಮೊದಲೇ ಹಾಕುತ್ತಾನೆ. ಹಳದಿ ಜ್ವರದ ಪಟ್ಟಿಯಲ್ಲಿರುವ ಆಫ್ರಿಕದ ದೇಶಗಳಿಂದ ಬರುವವನ ಕೈಯಲ್ಲಿ ಲಸಿಕೆಯ ಕಾರ್ಡು ಇರಲೇಬೇಕು. ವೀಸಾ ಸರಿ ಇದ್ದರೂ ಆ ಕಾರ್ಡು ಇಲ್ಲದಿದ್ದರೆ ಪ್ರತ್ಯೇಕ ಕೋಣೆಯ ವಾಸ.

ಲಾಡ್ಜಿನವರಿಗೂ ಕೆಲಸ ಉಂಟು

ಗಿರಾಕಿ ಬಂದಿಳಿದ ಎನ್ನಿ. ಹಂಪನಕಟ್ಟೆಯ ಲಾಡ್ಜಿನಲ್ಲಿ ಉಳಿಸಿದರೂ ಸರಿ, ಧಣಿಯ ಮನೆಯ ಮಹಡಿಯಲ್ಲೇ ಉಳಿಸಿದರೂ ಸರಿ, ವಿದೇಶದವನು ಬಂದ 24 ಗಂಟೆಯೊಳಗೆ ಅವನ ವಿವರವನ್ನು ಆನ್‌ಲೈನಿನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಹಳಬರು ಇದನ್ನು ಸಿ-ಫಾರಂ ಅಂತಲೇ ಕರೆಯುತ್ತಾರೆ. ದೊಡ್ಡ ಹೋಟೆಲಿನವರಿಗೆ ಇದು ಬಾಯಿಪಾಠ. "ನಮ್ಮ ಮನೆಗೆ ಬಂದ ನೆಂಟ, ಯಾರಿಗೆ ಯಾಕೆ ಹೇಳ್ಬೇಕು?" ಎನ್ನುವ ಮನೆಯವರೇ ಸಿಕ್ಕಿಬೀಳುವುದು.

ಜಾಲ ಬೀಸಿ ಕೂತವರು

ಇ-ವೀಸಾ ಅಂತ ಕಂಪ್ಯೂಟರಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಸರ್ಕಾರದ ತಾಣವೇ ಆಗಿರಬೇಕು ಅಂತ ಏನೂ ಇಲ್ಲ. ಅಶೋಕ ಸ್ತಂಭದಂಥದ್ದೇ ಚಿತ್ರ ಅಂಟಿಸಿಕೊಂಡು, ಮೇಲೆ ಇಷ್ಟು ಡಾಲರು ಸೇರಿಸಿ ಫೀಸು ಎಳೆಯುವ ಖಾಸಗಿ ತಾಣಗಳಿವೆ. ನಕಲಿ ತಾಣಗಳ ಬಗ್ಗೆ ಸರ್ಕಾರವೇ ಎಚ್ಚರಿಸಿದೆ. ಅಸಲಿ ತಾಣದ ಹೆಸರು ಇಂಡಿಯನ್‌ವೀಸಾಆನ್‌ಲೈನ್, ಅದರ ಬಾಲದಲ್ಲಿ ಗವ್ ಡಾಟ್ ಇನ್ ಎಂದಿರುತ್ತದೆ. ಆ ಬಾಲ ಇಲ್ಲದಿದ್ದರೆ ಕೈಮುಗಿದು ಹೊರಬನ್ನಿ. ಅಸಲಿ ತಾಣದಲ್ಲೂ ಕಟ್ಟಿದ ಫೀಸು, ಅರ್ಜಿ ತಿರಸ್ಕಾರವಾದರೂ ವಾಪಸು ಬರುವುದಿಲ್ಲ. ಹಾಗಾಗಿ ಹಣ ಕಟ್ಟುವ ಮೊದಲೇ ಎರಡು ಸಲ ಓದುವುದು ಲೇಸು.

ಇಲ್ಲಿಂದ ಹೋಗುವವರ ಕತೆ

ಇದೇ ಪಾಠ ಇಲ್ಲಿಂದ ಹೊರಡುವ ವ್ಯಾಪಾರಿಗೂ ಅನ್ವಯ. ಶ್ರೀಲಂಕಾ 2012ರ ಜನವರಿಯಿಂದಲೇ ಇ.ಟಿ.ಎ. ನಡೆಸಿಕೊಂಡು ಬಂದ ದೇಶ. ಅಲ್ಲಿಯೂ ಪ್ರವಾಸ ಬೇರೆ, ವ್ಯಾಪಾರ ಬೇರೆ. 2024ರ ಏಪ್ರಿಲ್‌ನಲ್ಲಿ ಈ ಕೆಲಸವನ್ನು ಹೊರಗಿನ ಕಂಪೆನಿಗಳಿಗೆ ವಹಿಸಿ ಗದ್ದಲವಾಯಿತು. ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಡೆ ಕೊಟ್ಟು ಹಳೆಯ ಕ್ರಮಕ್ಕೇ ಹೋಗಿ ಎಂದಿತು. ಹೋದ ಸಲ ಹೋದಾಗ ಇದ್ದ ಕ್ರಮ ಈ ಸಲವೂ ಇರುತ್ತದೆ ಎಂದು ನಂಬಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೀನ್ಯಾ 2024ರ ಜನವರಿಯಲ್ಲಿ "ನಮ್ಮಲ್ಲಿ ಇನ್ನು ವೀಸಾ ಇಲ್ಲ" ಎಂದು ಸಾರಿತು. ಪೇಪರಿನಲ್ಲಿ ತಲೆಬರಹ ಓದಿದವರಿಗೆ ಖುಷಿಯೋ ಖುಷಿ. ವೀಸಾ ಹೋದ ಜಾಗಕ್ಕೆ ಬಂದದ್ದು ಫೀಸು ಕಟ್ಟಿ ಪಡೆಯಬೇಕಾದ ಇ.ಟಿ.ಎ. ವ್ಯಾಪಾರಕ್ಕೆ ಎಂದರೆ ಅಲ್ಲಿನ ಕಂಪೆನಿಯ ಆಹ್ವಾನ ಪತ್ರವೂ ಬೇಕು. ಹೆಸರು ಬದಲಾಯಿತು, ಕಾಗದ ತಪ್ಪಲಿಲ್ಲ.

ಬ್ರಿಟನ್ನಿನದು ತದ್ವಿರುದ್ಧ. ಅಲ್ಲಿ 2023ರಲ್ಲಿ ಶುರುವಾದ ಇ.ಟಿ.ಎ. ಇರುವುದು ವೀಸಾ ಇಲ್ಲದೆ ಹೋಗಬಹುದಾದ ದೇಶಗಳವರಿಗೆ. ಭಾರತದ ಪಾಸ್‌ಪೋರ್ಟು ಆ ಪಟ್ಟಿಯಲ್ಲಿ ಇಲ್ಲ. ಇಲ್ಲಿಯವರಿಗೆ ಪೂರ್ತಿ ವೀಸಾವೇ ಬೇಕು. "ಲಂಡನ್ನಿಗೆ ಇ.ಟಿ.ಎ. ಮಾಡಿಸಿ ಕೊಡ್ತೇವೆ, ಬರೀ ಸಾವಿರ ಚಿಲ್ಲರೆ" ಎಂದು ಯಾರಾದರೂ ಹೇಳಿದರೆ ಅವನಿಗೆ ಒಂದು ಚಾ ಕುಡಿಸಿ ಕಳಿಸುವುದೇ ಅಗ್ಗ.

ದುಡ್ಡಿನ ವ್ಯವಹಾರದಲ್ಲಿ ಅರ್ಧ ಪೈಸೆ ಬಿಡದ ಬಂದರಿನ ಧಣಿಗಳು ಈ ಒಂದು ಪತ್ರದ ವಿಷಯದಲ್ಲಿ ಮಾತ್ರ "ಹೇಗಾದ್ರೂ ಆಗ್ತದೆ" ಅಂತ ಕೈಬಿಡುವುದು ಸರಿಯಲ್ಲ. ದರ ಕುದುರಿ, ತಾರೀಕು ಗೊತ್ತಾಗಿ, ಗಿರಾಕಿ ದೂರದ ನಿಲ್ದಾಣದ ಕೌಂಟರಿನಲ್ಲಿ ನಿಂತುಬಿಟ್ಟರೆ ಆ ನಷ್ಟ ಯಾವ ಲೆಡ್ಜರಿಗೆ ಹಾಕುವುದು? ಬಂದ ಗಿರಾಕಿಗೆ ಎಳನೀರು ಕೊಡುವುದು ಎಲ್ಲರಿಗೂ ಗೊತ್ತು. ಬರುವ ಮೊದಲು ಸರಿಯಾದ ಒಂದು ಕಾಗದ ಕೊಡುವುದೂ ಗೊತ್ತಿರಲಿ.