ಭಾನುವಾರದ ದೋಸೆ: ಮನೆಮಂದಿಗೆಲ್ಲ ಕೂರಲು ಜಾಗವೆಲ್ಲಿ?

ದಾವಣಗೆರೆಗೆ ಬಂದ ನೆಂಟರು ‘ಇಲ್ಲಿ ಒಳ್ಳೆಯ ಬೆಣ್ಣೆ ದೋಸೆ ಎಲ್ಲಿ ಸಿಗುತ್ತದೆ?’ ಎಂದು ಕೇಳಿದರೆ ಉತ್ತರಕ್ಕೆ ಬರವಿಲ್ಲ. ಆಟೋದವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಪ್ರತಿಯೊಬ್ಬರ ಬಳಿಯೂ ಒಂದು ಹೆಸರಿರುತ್ತದೆ, ಅದರ ಜೊತೆಗೆ ಒಂದು ವಾದವೂ ಇರುತ್ತದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನೋಡಿ. ‘ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊಣಕಾಲು ನೋವಿನ ಅಜ್ಜಿ, ಕಂಕುಳಲ್ಲಿ ಕೂಸು, ಹಟ ಮಾಡುವ ಮಗ ಎಲ್ಲರನ್ನೂ ಕರೆದುಕೊಂಡು ಹೋಗಿ, ಯಾರೂ ತಲೆಯ ಹಿಂದೆ ಬಂದು ನಿಲ್ಲದ ಹಾಗೆ ಅರ್ಧ ಗಂಟೆ ಕೂತು ತಿನ್ನಲು ಎಲ್ಲಿಗೆ ಹೋಗಬೇಕು?’ ಎಂದು ಕೇಳಿದರೆ, ಅದೇ ಜನ ಒಂದು ಗಳಿಗೆ ಯೋಚಿಸುತ್ತಾರೆ.

ಈ ತಡವರಿಕೆಗೆ ಕಾರಣ ಊರಿನಲ್ಲಿ ಹೋಟೆಲುಗಳ ಕೊರತೆಯಲ್ಲ. ನಮ್ಮ ಹೋಟೆಲುಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ನೋಡಿದರೆ ಇದರ ಉತ್ತರ ಸಿಗುತ್ತದೆ. ದಾವಣಗೆರೆಯ ಹೋಟೆಲು ವ್ಯಾಪಾರಿಗಾಗಿ, ಗಿರಣಿ ಕಾರ್ಮಿಕನಿಗಾಗಿ, ನಾಟಕ ನೋಡಲು ಬಂದವನಿಗಾಗಿ ಹುಟ್ಟಿತು. ಮನೆಮಂದಿ ಅಲ್ಲಿಗೆ ಬಂದದ್ದು ಬಹಳ ತಡವಾಗಿ.

ನಾಟಕದ ಥಿಯೇಟರಿನ ಬಾಗಿಲಲ್ಲಿ

ಬೆಣ್ಣೆ ದೋಸೆಯ ಹುಟ್ಟಿನ ಬಗ್ಗೆ ಊರಿನಲ್ಲಿ ಹೇಳಿಕೊಂಡು ಬಂದಿರುವ, ಪತ್ರಿಕೆಗಳಲ್ಲಿಯೂ ಹಲವು ಬಾರಿ ಬಂದಿರುವ ಕಥೆಯೊಂದಿದೆ. ಅದರಂತೆ 1928ರಲ್ಲಿ ಬೆಳಗಾವಿ ಸೀಮೆಯಿಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದರು. ನಾಟಕದ ಥಿಯೇಟರಿನ ಹೊರಗೆ ಸಣ್ಣ ಅಂಗಡಿ ಇಟ್ಟು ದೋಸೆ ಹಾಕತೊಡಗಿದರು. ಆಗಿನದು ರಾಗಿ ದೋಸೆ. ಹತ್ತು ವರ್ಷದ ನಂತರ, 1938ರ ಸುಮಾರಿಗೆ ಅವರ ಮಕ್ಕಳು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ರುಬ್ಬಿ, ಮೇಲೆ ಧಾರಾಳವಾಗಿ ಬೆಣ್ಣೆ ಹಾಕಿ ಹೊಸ ದೋಸೆ ಮಾಡಿದರು. ಶಾಂತಪ್ಪ ಮತ್ತು ಮಹದೇವಪ್ಪ ಎಂಬ ಅವರ ಇಬ್ಬರು ಮಕ್ಕಳು ಮುಂದೆ ಬೇರೆ ಬೇರೆ ಹೋಟೆಲು ತೆರೆದರು. ವಸಂತ ಟಾಕೀಸಿನ ಬಳಿ ಶಾಂತಪ್ಪನವರ ಹೋಟೆಲು ಶುರುವಾದದ್ದು 1944ರಲ್ಲಿ ಎನ್ನುತ್ತಾರೆ.

ಈ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಮಂಡಕ್ಕಿ. ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ದಾವಣಗೆರೆಯಲ್ಲಿ ಅದು ದೋಸೆ ಹಿಟ್ಟಿಗೂ ಸೇರಿದ್ದು ಸಹಜ. ನೆನೆಸಿದ ಮಂಡಕ್ಕಿ ಹಿಟ್ಟನ್ನು ಹಗುರ ಮಾಡುತ್ತದೆ. ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ ಎಂಬ ಈ ದೋಸೆಯ ಗುಣದಲ್ಲಿ ಅದರ ಪಾಲೂ ಇದೆ.

ಎರಡನೆಯದು ಹೆಚ್ಚು ಮುಖ್ಯವಾದದ್ದು. ಊರಿಗೆ ಹೆಸರು ತಂದ ತಿಂಡಿಯ ಮೂಲದಲ್ಲಿ ಇರುವುದು ಒಬ್ಬ ಹೆಂಗಸಿನ ಒಲೆ. ಆದರೆ ಆ ಒಲೆಯ ಮುಂದೆ ನಿಂತು ತಿಂದವರಲ್ಲಿ ಹೆಂಗಸರು ಎಷ್ಟು ಜನ ಇದ್ದಿರಬಹುದು? ಆ ಕಾಲದಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತು ತಿನ್ನುವುದು ಇರಲಿ, ಹೋಟೆಲಿನ ಮೆಟ್ಟಿಲು ಹತ್ತುವುದೂ ಚರ್ಚೆಗೆ ಗುರಿಯಾಗುತ್ತಿತ್ತು. ಕಂಪನಿ ನಾಟಕಗಳಲ್ಲಿ ಹೆಂಗಸರಿಗೆ ಬೇರೆ ಜಾಗವಾದರೂ ಇರುತ್ತಿತ್ತು, ಹೊರಗಿನ ದೋಸೆ ಅಂಗಡಿಯಲ್ಲಿ ಅದೂ ಇರಲಿಲ್ಲ.

ಗಿರಣಿಯ ಪಾಳಿ, ಪೇಟೆಯ ಅವಸರ

ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಮಂಡಿಪೇಟೆ, ಚೌಕಿಪೇಟೆಗಳಲ್ಲಿ ವಹಿವಾಟಿಗೆ ಬರುವ ವರ್ತಕರು, ಗಾಡಿಯಲ್ಲಿ ಮಾಲು ತರುವ ರೈತರು, ಮೂರು ಪಾಳಿಯಲ್ಲಿ ದುಡಿಯುವ ಕಾರ್ಮಿಕರು – ಇವರೆಲ್ಲರಿಗೆ ಬೇಕಾಗಿದ್ದುದು ಬೇಗ ಸಿಗುವ, ಹೊಟ್ಟೆ ತುಂಬುವ, ಅಗ್ಗದ ತಿಂಡಿ. ಊಟಕ್ಕೆ ರೊಟ್ಟಿಯ ಖಾನಾವಳಿಗಳಿದ್ದವು, ತಿಂಡಿಗೆ ದೋಸೆ, ಮಂಡಕ್ಕಿ–ಮೆಣಸಿನಕಾಯಿ. ನಾಲ್ಕು ಬೆಂಚು, ಒಂದು ಗಲ್ಲಾಪೆಟ್ಟಿಗೆ, ಸೌದೆ ಒಲೆಯ ಮೇಲೆ ದೊಡ್ಡ ಹೆಂಚು. ಒಬ್ಬ ಎದ್ದರೆ ಇನ್ನೊಬ್ಬ ಕೂರಬೇಕು. ಇದು ಆ ಹೋಟೆಲಿನ ಲೆಕ್ಕಾಚಾರ. ಇವತ್ತಿಗೂ ಹಳೆಯ ದೋಸೆ ಹೋಟೆಲುಗಳ ನಡೆ ಬಹುಮಟ್ಟಿಗೆ ಇದೇ. ಅದನ್ನು ದೋಷ ಎನ್ನಲಾಗದು. ಅದರ ಹುಟ್ಟುಗುಣವೇ ಅದು.

ಪಕ್ಕದ ಹರಿಹರದ ಕಥೆ ಸ್ವಲ್ಪ ಬೇರೆ. ತುಂಗಭದ್ರೆಯ ದಂಡೆಯ ಈ ಊರಿಗೆ ಶತಮಾನಗಳಿಂದ ಯಾತ್ರಿಕರು ಬರುತ್ತಿದ್ದಾರೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯಕ್ಕೆ ಮನೆಮಂದಿಯೆಲ್ಲ ಒಟ್ಟಾಗಿ ಬರುವುದು ವಾಡಿಕೆ. ಆದರೆ ಅವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದರೆ ಅದೇ ಅವರ ಹೋಟೆಲು. ಇಪ್ಪತ್ತನೆಯ ಶತಮಾನದಲ್ಲಿ ಹರಿಹರ ಕಾರ್ಖಾನೆಗಳ ಊರಾಯಿತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, 1970ರ ದಶಕದಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಬಂತು. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನ್ ನಡೆಸಲು ಅವಕಾಶ ಕಲ್ಪಿಸಿತು, ವಾರಕ್ಕೊಂದು ರಜೆಯನ್ನೂ ಕಡ್ಡಾಯ ಮಾಡಿತು. ಕ್ಯಾಂಟೀನು ದುಡಿಯುವವನ ಹೊಟ್ಟೆ ನೋಡಿಕೊಂಡಿತು. ರಜೆಯ ದಿನ ಅವನ ಮನೆಯವರ ತಿಂಡಿಯ ಹೊಣೆ ಮಾತ್ರ ಮೊದಲಿನಂತೆ ಮನೆಯ ಒಲೆಯ ಮೇಲೆಯೇ ಉಳಿಯಿತು.

ಅಂದ ಹಾಗೆ, ಈ ವಾರದ ರಜೆಯೂ ತಾನಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ಬಿಡುವು ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ಹಲವು ವರ್ಷ ನಡೆಸಿದ ಹೋರಾಟದ ನಂತರ. ಸರಿಸುಮಾರು ಅದೇ ಕಾಲದಲ್ಲಿ, 1895ರಲ್ಲಿ, ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಲೇಖಕ ಭಾನುವಾರ ತಡವಾಗಿ ಎದ್ದು ತಿಂಡಿ–ಊಟ ಎರಡನ್ನೂ ಸೇರಿಸಿ ನಿಧಾನವಾಗಿ ತಿನ್ನಬೇಕೆಂದು ವಾದಿಸಿ, ಅದಕ್ಕೆ ‘ಬ್ರಂಚ್’ ಎಂಬ ಪದ ಬಳಸಿದ. ಒಂದು ಕಡೆ ರಜೆಗಾಗಿ ಹೋರಾಟ, ಇನ್ನೊಂದು ಕಡೆ ರಜೆಯನ್ನು ಕಳೆಯುವ ಬಗೆಯ ಚಿಂತೆ! ಇವತ್ತು ದೊಡ್ಡ ಊರುಗಳ ತಾರಾ ಹೋಟೆಲುಗಳು ಅದೇ ಪದವನ್ನು ಹಲಗೆಯ ಮೇಲೆ ಬರೆಯುತ್ತವೆ. ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಹತ್ತೂವರೆಗೆ ಎರಡು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ ತಿಂದವರು ಮಧ್ಯಾಹ್ನದ ಊಟವನ್ನು ತಾವಾಗಿಯೇ ಮರೆಯುತ್ತಾರೆ.

ಪರದೆಯ ಹಿಂದಿನ ಕೋಣೆ

ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಅನೇಕ ಹೋಟೆಲುಗಳಲ್ಲಿ ಜಾತಿಗೊಂದು ಜಾಗವಿತ್ತು. ‘ಬ್ರಾಹ್ಮಣರಿಗೆ ಮಾತ್ರ’ ಎಂಬ ಹಲಗೆ ಕೆಲವೆಡೆ, ದಲಿತರಿಗೆ ಬಾಗಿಲೇ ಇಲ್ಲದಿರುವುದು ಹಲವೆಡೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳಿಗೆ ಪ್ರವೇಶಿಸಲು ಯಾರನ್ನೂ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕಾಗಿ ತಡೆಯುವಂತಿಲ್ಲ ಎಂದಿತು. 1955ರ ಅಸ್ಪೃಶ್ಯತೆ ಅಪರಾಧ ಕಾಯ್ದೆ ಹಾಗೆ ತಡೆಯುವುದನ್ನು ಶಿಕ್ಷಾರ್ಹ ಮಾಡಿತು. ಆ ವಿಧಿಯಲ್ಲಿ ಜಾತಿಯ ಜೊತೆಗೆ ‘ಲಿಂಗ’ ಎಂಬ ಮಾತೂ ಇರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೋಟೆಲಿನ ಬಾಗಿಲು ಹೆಂಗಸರಿಗೂ ತೆರೆದಿರಬೇಕು ಎಂಬುದು ಸಂವಿಧಾನದ ಮಾತೇ.

ಕಾನೂನು ಬಾಗಿಲು ತೆರೆಯಿತು, ರೂಢಿ ಪರದೆ ಕಟ್ಟಿತು. ಹೋಟೆಲಿನ ಒಂದು ಮೂಲೆಯಲ್ಲಿ ಹಲಗೆಯ ಗೋಡೆ, ಬಟ್ಟೆಯ ಪರದೆ ಕಟ್ಟಿ ‘ಫ್ಯಾಮಿಲಿ ರೂಂ’ ಎಂದು ಬರೆದರು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳು ಮೊದಲ ಮಸಾಲೆ ದೋಸೆ ತಿಂದದ್ದು ಈ ಕೋಣೆಯಲ್ಲಿಯೇ. ಅದು ಉಸಿರುಕಟ್ಟುವ ಜಾಗವಾಗಿರಬಹುದು, ಫ್ಯಾನು ತಿರುಗದೆ ಇರಬಹುದು. ಆದರೂ ಅದನ್ನು ಸುಮ್ಮನೆ ಹೀಗಳೆಯುವಂತಿಲ್ಲ. ಪರದೆಯ ಹೊರಗಿನ ಕಣ್ಣುಗಳಿಂದ ದೂರವಾಗಿ, ಬೇಕಾದ್ದನ್ನು ಹೇಳಿ ತರಿಸಿಕೊಂಡು, ಮತ್ತೊಬ್ಬರು ಬಡಿಸಿದ್ದನ್ನು ತಿನ್ನುವ ಅವಕಾಶ ಅಲ್ಲಿ ಸಿಕ್ಕಿತು.

ಈಗ ಪರದೆಗಳು ಬಹುತೇಕ ಮಾಯವಾಗಿವೆ. ‘ಫ್ಯಾಮಿಲಿ’ ಎಂಬ ಪದ ಮಾತ್ರ ಹಲಗೆಗೆ ಹತ್ತಿದೆ. ಅದನ್ನು ನಂಬಿಕೊಂಡು ಹೋಗುವ ಹಾಗಿಲ್ಲ. ಹೆದ್ದಾರಿಯ ಬದಿಯ ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ಗೂ ಅದೇ ಪದ ಇರುತ್ತದೆ!

ಮನೆಯ ಹೆಂಚು, ಹೋಟೆಲಿನ ಹೆಂಚು

‘ದೋಸೆಯನ್ನು ಮನೆಯಲ್ಲಿಯೇ ಮಾಡಬಹುದಲ್ಲ’ ಎನ್ನುವವರಿದ್ದಾರೆ. ಮಾಡಬಹುದು. ಆದರೆ ಮನೆಯ ಹೆಂಚಿನ ಮೇಲೆ ಒಂದು ಸಲಕ್ಕೆ ಬೇಯುವುದು ಒಂದೇ ದೋಸೆ. ಐದು ಜನರಿಗೆ ತಲಾ ಮೂರು ಎಂದರೆ ಹದಿನೈದು ದೋಸೆ. ಒಂದಕ್ಕೆ ಮೂರು ನಿಮಿಷ ಹಿಡಿದರೂ ಮುಕ್ಕಾಲು ಗಂಟೆ ಒಬ್ಬರು ಒಲೆಯ ಮುಂದೆ ನಿಲ್ಲಬೇಕು. ಅಕ್ಕಿ, ಬೇಳೆ ನೆನೆಸಿ ರುಬ್ಬುವ ಶನಿವಾರದ ಕೆಲಸ ಇದರ ಲೆಕ್ಕಕ್ಕೆ ಸೇರಿಲ್ಲ. ಉಳಿದವರು ಬಿಸಿಯಾಗಿ ತಿಂದು ಎದ್ದ ಮೇಲೆ, ಹಾಕಿದವರು ಕೊನೆಯ ದೋಸೆಯನ್ನು ಒಬ್ಬರೇ ಕೂತು ತಿನ್ನುತ್ತಾರೆ. ಹಾಗೆ ತಿನ್ನುವವರು ಯಾರೆಂದು ಹೇಳಬೇಕಾಗಿಲ್ಲ.

ಹೋಟೆಲಿನ ಹೆಂಚಿನ ಮೇಲೆ ಒಂದೇ ಸಲಕ್ಕೆ ಹಲವಾರು ದೋಸೆ ಬೇಯುತ್ತವೆ. ಅಂದರೆ ಮನೆಮಂದಿಯೆಲ್ಲ ಒಂದೇ ಹೊತ್ತಿಗೆ ಬಿಸಿ ದೋಸೆ ತಿನ್ನಲು ಸಾಧ್ಯವಾಗುವುದು ಅಲ್ಲಿ ಮಾತ್ರ. ಪಾರ್ಸೆಲ್ ತಂದರೆ ಆಗದೇ? ಬೆಣ್ಣೆ ದೋಸೆಗೆ ಅದು ಒಗ್ಗುವುದಿಲ್ಲ. ಪೊಟ್ಟಣದೊಳಗಿನ ಹಬೆಗೆ ಗರಿ ಹೋಗಿ ಮೆತ್ತಗಾಗುತ್ತದೆ, ತಣ್ಣಗಾದ ಬೆಣ್ಣೆ ಹೆಪ್ಪುಗಟ್ಟುತ್ತದೆ, ಆಲೂಗಡ್ಡೆ ಪಲ್ಯ ಮುದ್ದೆಯಾಗುತ್ತದೆ. ಈ ದೋಸೆಯನ್ನು ಹೆಂಚಿನ ಹತ್ತಿರವೇ ಕೂತು ತಿನ್ನಬೇಕು.

ಹುಡುಕುವುದು ಹೇಗೆ?

ದೋಸೆಯ ರುಚಿ ನೋಡುವುದು ಒಂದು ಲೆಕ್ಕ, ಮನೆಮಂದಿಗೆ ಹೊಂದುವ ಜಾಗ ನೋಡುವುದು ಇನ್ನೊಂದು. ಹಳೆಯ ಪೇಟೆಯ ಹೋಟೆಲಿಗೇ ಹೋಗಬೇಕೆಂದಿದ್ದರೆ ಎಂಟು ಗಂಟೆಯೊಳಗೆ ಹೋಗುವುದು ಜಾಣತನ. ಹತ್ತರ ಮೇಲೆ ಹೋದರೆ ತಿನ್ನುವವರ ಬೆನ್ನ ಹಿಂದೆ ಕಾಯುವವರ ಸಾಲು ಇರುತ್ತದೆ. ವಯಸ್ಸಾದವರಿಗೆ ಆ ಒತ್ತಡ ಆಗಿಬರುವುದಿಲ್ಲ.

ತಡವಾಗಿ, ನಿಧಾನವಾಗಿ ತಿನ್ನಬೇಕೆನ್ನುವವರು ಹೊಸ ಬಡಾವಣೆಗಳ ಕಡೆ ನೋಡಬೇಕು. 1958ರಲ್ಲಿ ಶುರುವಾದ ಬಾಪೂಜಿ ವಿದ್ಯಾಸಂಸ್ಥೆಯ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೊರ ಊರಿನ ವಿದ್ಯಾರ್ಥಿಗಳು, ಅವರನ್ನು ನೋಡಲು ಅವರ ತಂದೆತಾಯಿಗಳು ಬರತೊಡಗಿದ ಮೇಲೆ ಊರಿನ ಹೋಟೆಲುಗಳ ಗಿರಾಕಿಯೇ ಬದಲಾದ. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾದದ್ದು ಅದಕ್ಕೆ ಇನ್ನಷ್ಟು ಇಂಬು ಕೊಟ್ಟಿತು. ಪಿ.ಜೆ. ಬಡಾವಣೆಯ ರಾಂ ಅಂಡ್ ಕೋ ವೃತ್ತದ ಸುತ್ತ, ಎಂಸಿಸಿ ಬ್ಲಾಕುಗಳಲ್ಲಿ, ವಿದ್ಯಾನಗರದಲ್ಲಿ ತಿಂಡಿಗೆ ಹೊರಡುವ ಸಂಸಾರಗಳು ಈಗ ಅಪರೂಪವಲ್ಲ. ಆದರೆ ಬೆಂಗಳೂರಿನ ದರ್ಶಿನಿಗಳನ್ನು ನೋಡಿ ಬಂದ ನಿಂತು ತಿನ್ನುವ ಪದ್ಧತಿ ಇಲ್ಲಿಯೂ ಇದೆ. ಕೂಸು ಎತ್ತಿಕೊಂಡ ತಾಯಿಗೆ ಒಂದು ಕೈಯಲ್ಲಿ ತಟ್ಟೆ ಹಿಡಿದು ನಿಂತು ತಿನ್ನು ಎಂದರೆ ಅದು ರಜೆಯಲ್ಲ, ಶಿಕ್ಷೆ.

ಆದ್ದರಿಂದ ಒಳಗೆ ಹೋಗುವ ಮೊದಲು ಕೆಲವನ್ನು ನೋಡಿಕೊಳ್ಳಬೇಕು. ಬೆನ್ನು ಒರಗಿಸಿ ಕೂರುವ ಕುರ್ಚಿ ಇದೆಯೇ, ಬರೀ ಬೆಂಚೇ? ಬಾಗಿಲಿಗೆ ಎಷ್ಟು ಮೆಟ್ಟಿಲು? ಕೈ ತೊಳೆಯುವ ತೊಟ್ಟಿ ಮಕ್ಕಳ ಕೈಗೆಟುಕುತ್ತದೆಯೇ? ಹೆಂಗಸರು ಬಳಸಬಹುದಾದ, ಬೀಗ ಹಾಕಿರದ ಶೌಚಾಲಯ ಇದೆಯೇ? ಕೊನೆಯದನ್ನು ಕೇಳಲು ಹಲವರು ನಾಚುತ್ತಾರೆ. ಆದರೆ ಹೋಟೆಲು ನಿಜಕ್ಕೂ ಮನೆಮಂದಿಗಾಗಿ ಇದೆಯೇ ಎಂಬುದನ್ನು ಹಲಗೆಗಿಂತ ಚೆನ್ನಾಗಿ ಹೇಳುವುದು ಅದೇ. ಮಕ್ಕಳಿಗೆ ಖಾರದ ಚಟ್ನಿ ಆಗದಿದ್ದರೆ ಬರೀ ಬೆಣ್ಣೆ, ಪಲ್ಯದ ಜೊತೆ ತಿನ್ನಿಸಬಹುದು. ಇಲ್ಲಿನ ಆಲೂಗಡ್ಡೆ ಪಲ್ಯ ಸಪ್ಪೆಯಾಗಿರುವುದು ಅದಕ್ಕೆ ಅನುಕೂಲವೇ.

ಇನ್ನೂ ಸ್ವಲ್ಪ ಬಿಡುವಿದ್ದವರು ಹರಿಹರವನ್ನೂ ಸೇರಿಸಿಕೊಳ್ಳಬಹುದು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಅಷ್ಟೇ. ಬಿಸಿಲೇರುವ ಮೊದಲು ಹರಿಹರೇಶ್ವರನ ದರ್ಶನ ಮಾಡಿ, ಅಜ್ಜಿಯನ್ನು ದೇವಸ್ಥಾನದ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ತಿಂಡಿಗೆ ಹೊರಟರೆ ಎಲ್ಲರಿಗೂ ಹಸಿವೂ ಆಗಿರುತ್ತದೆ, ಯಾರಿಗೂ ಅವಸರವೂ ಇರುವುದಿಲ್ಲ. ಹಿಂದಿನವರ ಬುತ್ತಿಯ ಯಾತ್ರೆಯೇ ಇದು. ಬುತ್ತಿ ಕಟ್ಟುವ ಕೆಲಸ ಮಾತ್ರ ಈಗ ಮನೆಯವರ ಮೇಲೆ ಇಲ್ಲ.

ಕೊನೆಗೆ ಒಂದು ಮಾತು. ಯಾವ ಹೋಟೆಲು ಎಂಬುದನ್ನು ತೀರ್ಮಾನಿಸುವಾಗ ಸಾಮಾನ್ಯವಾಗಿ ಮಕ್ಕಳ ಹಟ ಗೆಲ್ಲುತ್ತದೆ, ಇಲ್ಲವೇ ದುಡ್ಡು ಕೊಡುವವರ ರುಚಿ. ವಾರದ ಆರು ದಿನ ಎಲ್ಲರಿಗೂ ಹಾಕಿಕೊಟ್ಟು ಕೊನೆಗೆ ತಿನ್ನುವವರನ್ನು ಒಮ್ಮೆ ಕೇಳಿ ನೋಡಬಹುದು. ಅವರು ಹೇಳಿದ ಕಡೆ ಹೋಗಿ, ಹೆಂಚಿನಿಂದ ಇಳಿದ ಮೊದಲ ದೋಸೆಯ ತಟ್ಟೆಯನ್ನು ಅವರ ಮುಂದೆ ಸರಿಸಿದರೆ, ಅವತ್ತಿನ ಮಟ್ಟಿಗೆ ಅದೇ ‘ಫ್ಯಾಮಿಲಿ ಹೋಟೆಲು’.