ನಂಬಿಕೆಯ ವ್ಯಾಪಾರಿ ಅಲ್ಫೊನ್ಸೊ ಯುಚೆಂಗ್ಕೊ

ಅಂಗಡಿಗೆ ಹೋಗಿ ಅಕ್ಕಿ ಕೊಂಡರೆ ಚೀಲ ಕೈಗೆ ಬರುತ್ತದೆ. ಬಟ್ಟೆ ಕೊಂಡರೆ ಮೊಳ ಹಾಕಿ ಅಳೆದು ಕೊಡುತ್ತಾರೆ. ವಿಮೆಯನ್ನು ಕೊಂಡವನಿಗಾದರೋ ದೊರೆಯುವುದು ಒಂದು ಕಾಗದ ಮಾತ್ರ. ಮನೆ ಬೆಂಕಿಗೆ ಆಹುತಿಯಾದರೆ, ಹಡಗು ಮುಳುಗಿದರೆ, ಸಂಸಾರದ ಯಜಮಾನನು ಕಾಲವಾದರೆ ಇಷ್ಟು ಹಣ ಕೊಡುತ್ತೇವೆಂಬ ಮಾತು ಅದರಲ್ಲಿ ಬರೆದಿರುತ್ತದೆ. ಹೀಗೆ ನೋಡಿದರೆ ವಿಮಾವ್ಯಾಪಾರಿಯು ಮಾರುವ ಸರಕು ನಂಬಿಕೆಯೇ ಸರಿ. ಆ ಸರಕಿನಿಂದಲೇ ದೊಡ್ಡ ಸಂಪತ್ತನ್ನು ಗಳಿಸಿ, ತಮ್ಮ ನಾಡಿನ ರಾಯಭಾರಿಗಳೂ ದಾನಿಗಳೂ ಆದವರು ಫಿಲಿಪ್ಪೀನ್ಸ್ ದೇಶದ ಅಲ್ಫೊನ್ಸೊ ಯುಚೆಂಗ್ಕೊ. ಅವರ ಜೀವನದಿಂದ ನಾವು ತಿಳಿಯಬೇಕಾದುದು ಬಹಳವಿದೆ.

ಫಿಲಿಪ್ಪೀನ್ಸ್ ಏಳು ಸಾವಿರಕ್ಕೂ ಮಿಕ್ಕ ದ್ವೀಪಗಳ ನಾಡು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಸ್ಪೇನಿನ ಆಳ್ವಿಕೆಯಲ್ಲಿದ್ದು, 1898ರಿಂದ ಅಮೆರಿಕದ ಕೈಕೆಳಗಾಗಿ, 1946ರ ಜುಲೈ 4ರಂದು ಸ್ವತಂತ್ರವಾಯಿತು. ಅದರ ರಾಜಧಾನಿ ಮನಿಲಾ. ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಈ ನಗರದ ಹೆಸರು ಕನ್ನಡಿಗರ ಕಿವಿಗೂ ಬಿದ್ದಿತ್ತು. ಯುಚೆಂಗ್ಕೊ ಅವರು ಹುಟ್ಟಿದ್ದು ಅಲ್ಲಿಯೇ, 1923ರ ಫೆಬ್ರವರಿ 6ರಂದು.

ಅವರ ಹೆಸರನ್ನೇ ಸ್ವಲ್ಪ ಬಿಡಿಸಿ ನೋಡೋಣ. ಚೀನಾದ ಫೂಜಿಯನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಸಮುದ್ರ ದಾಟಿ ಬಂದವರ ಆಡುಮಾತಿನಲ್ಲಿ 'ಕೊ' ಎಂದರೆ ಅಣ್ಣ. ನಾವು ರಾಮಣ್ಣ, ತಿಮ್ಮಣ್ಣ ಎನ್ನುವಂತೆಯೇ ಅವರೂ ಗೌರವಕ್ಕಾಗಿ ಹೆಸರಿನ ಕೊನೆಗೆ 'ಕೊ' ಸೇರಿಸುತ್ತಿದ್ದರು. ಹಿರಿಯನೊಬ್ಬನ ಇಡೀ ಹೆಸರು, ಬಾಲಕ್ಕಂಟಿದ 'ಅಣ್ಣ'ನ ಸಮೇತ, ಮುಂದೆ ವಂಶದ ಹೆಸರಾಗಿ ನಿಂತಿತು. ಅಲ್ಲಿನ ಚೀನೀ ಮೂಲದ ಮನೆತನಗಳ ಹೆಸರುಗಳಲ್ಲಿ ಹಲವು 'ಕೊ' ಎಂದು ಮುಗಿಯಲು ಇದೇ ಕಾರಣ.

ಹೆಸರಿನಲ್ಲಿ ಗೌರವವಿದ್ದರೂ ನಾಡಿನಲ್ಲಿ ಈ ಜನರ ಸ್ಥಾನ ಭದ್ರವಾಗಿರಲಿಲ್ಲ. ಅವರು ತಲೆಮಾರುಗಳಿಂದ ನೆಲಸಿದ್ದರೂ ಅನೇಕರು ಪರದೇಶೀಯರೆಂದೇ ಎಣಿಕೆಯಾಗುತ್ತಿದ್ದರು. 1954ರ ಒಂದು ಕಾನೂನು ಪರದೇಶೀಯರು ಚಿಲ್ಲರೆ ವ್ಯಾಪಾರ ಮಾಡುವುದನ್ನು ನಿರ್ಬಂಧಿಸಿತು. ಪೌರತ್ವ ಪಡೆಯುವ ದಾರಿ ಸುಗಮವಾದದ್ದು 1975ರಲ್ಲಿ. ಇಂಥ ಸಮಾಜದಲ್ಲಿ 'ನನ್ನ ಮಾತನ್ನು ನಂಬಿ' ಎಂದು ಹೇಳಿ ಹಣ ಪಡೆಯುವ ವ್ಯಾಪಾರವು ಎಷ್ಟು ಕಠಿನವೆಂಬುದನ್ನು ವಾಚಕರೇ ಊಹಿಸಬಹುದು.

ತಂದೆ ಎನ್ರಿಕೆ ಅವರು 1930ರಲ್ಲಿ ವಿಮಾ ಕಂಪನಿಯನ್ನು ಸ್ಥಾಪಿಸಿದ್ದರು. ಅಷ್ಟರಲ್ಲಿ ಮಹಾಯುದ್ಧ ಬಂದಿತು. 1942ರ ಜನವರಿಯಲ್ಲಿ ಜಪಾನೀ ಸೈನ್ಯ ಮನಿಲಾವನ್ನು ಹೊಕ್ಕಿತು. 1945ರ ಫೆಬ್ರವರಿಯಲ್ಲಿ ಅಮೆರಿಕನ್ನರು ಅದನ್ನು ಬಿಡಿಸಿಕೊಳ್ಳಲು ಬಂದಾಗ ತಿಂಗಳ ಕಾಲ ಬೀದಿಬೀದಿಯಲ್ಲಿ ಕಾಳಗ ನಡೆಯಿತು; ಸುಮಾರು ಒಂದು ಲಕ್ಷ ನಾಗರಿಕರು ಮಡಿದರು; ನಗರ ಕಲ್ಲುರಾಶಿಯಾಯಿತು. ಅಲ್ಫೊನ್ಸೊ ಅವರಿಗೆ ಆಗ 22 ವರ್ಷ. ಮನಿಲಾದ ಫಾರ್ ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯಶಾಸ್ತ್ರ ಕಲಿತು, ಲೆಕ್ಕಪರಿಶೋಧಕರಾಗಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆಚ್ಚಿನ ವ್ಯಾಸಂಗ ಮುಗಿಸಿ, ಅವರು ಮನೆತನದ ವ್ಯಾಪಾರಕ್ಕೆ ಕೈಹಾಕಿದರು.

ಪ್ರತಿವರ್ಷ ಸುಮಾರು ಇಪ್ಪತ್ತು ಚಂಡಮಾರುತಗಳು ಹಾಯುವ, ಭೂಕಂಪಗಳೂ ಜ್ವಾಲಾಮುಖಿಗಳೂ ಇರುವ ನಾಡಿನಲ್ಲಿ ವಿಮೆ ನಡೆಯುವುದಾದರೂ ಹೇಗೆ? ಅದರ ಮರ್ಮ ಸರಳವಾದುದು. ಸಾವಿರ ಮನೆಗಳವರು ಸಣ್ಣ ಸಣ್ಣ ಕಂತು ಕಟ್ಟಿದರೆ, ಆ ವರ್ಷ ಕೆಟ್ಟ ಕೆಲವು ಮನೆಗಳನ್ನು ಆ ನಿಧಿಯಿಂದ ಎತ್ತಿ ನಿಲ್ಲಿಸಬಹುದು. ಒಂದೇ ಬಿರುಗಾಳಿಗೆ ಸಾವಿರವೂ ಕೆಟ್ಟರೆ? ಆ ಭಯಕ್ಕಾಗಿಯೇ ವಿಮಾ ಕಂಪನಿಯು ತನ್ನ ಹೊರೆಯ ಒಂದು ಪಾಲನ್ನು ಪರದೇಶದ ದೊಡ್ಡ ಕಂಪನಿಗಳಿಗೆ ಒಪ್ಪಿಸಿ, ತಾನೇ ವಿಮೆ ಮಾಡಿಸಿಕೊಳ್ಳುತ್ತದೆ. ಇದಕ್ಕೆ ಮರುವಿಮೆ ಎಂದು ಹೆಸರು. ಕೊಟ್ಟ ಮಾತು ತನ್ನ ಶಕ್ತಿಯನ್ನು ಮೀರದಂತೆ ಹದ್ದು ಹಾಕಿಕೊಳ್ಳುವುದೇ ಈ ವಿದ್ಯೆಯ ಸಾರ. ಯುಚೆಂಗ್ಕೊ ಅವರು ಇದನ್ನು ಚೆನ್ನಾಗಿ ಬಲ್ಲವರು. ಅವರ ಮಲಯನ್ ವಿಮಾ ಕಂಪನಿ ನಾಡಿನ ಅಗ್ರಪಂಕ್ತಿಗೆ ಏರಿತು. 1960ರಲ್ಲಿ ಅವರು ಬ್ಯಾಂಕೊಂದನ್ನು ಸ್ಥಾಪಿಸಿದರು; ಅದು ಹೊಸೆ ರಿಸಾಲ್ ಅವರ ಹೆಸರನ್ನು ಹೊತ್ತಿತು. ವೈದ್ಯರೂ ಕಾದಂಬರಿಕಾರರೂ ಆಗಿದ್ದ ರಿಸಾಲ್, 1896ರ ಡಿಸೆಂಬರ್ 30ರಂದು ಸ್ಪೇನಿನವರ ಗುಂಡಿಗೆ ಬಲಿಯಾದ ರಾಷ್ಟ್ರವೀರರು. ಅವರ ಪೂರ್ವಿಕರಲ್ಲಿಯೂ ಚೀನೀಯರಿದ್ದರು.

1986ರ ಫೆಬ್ರವರಿಯಲ್ಲಿ ಸರ್ವಾಧಿಕಾರಿ ಮಾರ್ಕೋಸ್ ದೇಶ ಬಿಟ್ಟು ಓಡಿದರು. ಕೊರಜಾನ್ ಅಕಿನೊ ಅಧ್ಯಕ್ಷರಾದರು. ಆಕೆ ಯುಚೆಂಗ್ಕೊ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದರು. ಹಿರಿಯರು ಹೊಟ್ಟೆಪಾಡಿಗಾಗಿ ಬಿಟ್ಟುಬಂದ ನಾಡಿಗೆ ವಂಶದ ಕುಡಿಯೊಬ್ಬರು ಮತ್ತೊಂದು ರಾಷ್ಟ್ರದ ಪ್ರತಿನಿಧಿಯಾಗಿ ಹೋದದ್ದು ಸಣ್ಣ ಸಂಗತಿಯಲ್ಲ. 1995ರಿಂದ 1998ರ ವರೆಗೆ ಅವರು ಜಪಾನಿನಲ್ಲಿ ರಾಯಭಾರಿಯಾಗಿದ್ದರು. ತಮ್ಮ ನಗರ ನೆಲಸಮವಾಗಿ ಸರಿಯಾಗಿ ಐವತ್ತು ವರ್ಷಗಳಾದ ಮೇಲೆ ಟೋಕಿಯೋದಲ್ಲಿ ಸ್ನೇಹದ ಮಾತಾಡುವ ಹೊಣೆ ಅವರ ಪಾಲಿಗೆ ಬಂದಿತು. 2001 ಮತ್ತು 2002ರಲ್ಲಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ಕಾಯಂ ಪ್ರತಿನಿಧಿಯಾಗಿಯೂ ಕೆಲಸ ಮಾಡಿದರು.

ಗಳಿಸಿದ್ದರಲ್ಲಿ ಕೊಟ್ಟದ್ದೂ ಉಂಟು. ತಮ್ಮ ಹೆಸರಿನ ಪ್ರತಿಷ್ಠಾನದ ಮೂಲಕ ಬಡ ವಿದ್ಯಾರ್ಥಿಗಳಿಗೆ ವೇತನ ಕೊಟ್ಟರು. ವಾಸ್ತುಶಿಲ್ಪಿ ತೊಮಾಸ್ ಮಪುವಾ 1925ರಲ್ಲಿ ಕಟ್ಟಿದ ತಾಂತ್ರಿಕ ವಿದ್ಯಾಸಂಸ್ಥೆಯನ್ನು ಅವರ ಸಮೂಹ 1999ರಲ್ಲಿ ವಹಿಸಿಕೊಂಡಿತು. 2005ರಲ್ಲಿ ಮಕಾಟಿ ನಗರದಲ್ಲಿ ಅವರ ಹೆಸರಿನ ಕಲಾ ವಸ್ತುಸಂಗ್ರಹಾಲಯ ತೆರೆಯಿತು.

ಆದರೆ ಅದೇ 2005ರಲ್ಲಿ ಬೇರೊಂದು ಕಥೆಯೂ ನಡೆಯಿತು. ಯುಚೆಂಗ್ಕೊ ಸಮೂಹಕ್ಕೆ ಸೇರಿದ ಪೆಸಿಫಿಕ್ ಪ್ಲ್ಯಾನ್ಸ್ ಎಂಬ ಕಂಪನಿ 'ವಿದ್ಯಾಭ್ಯಾಸ ಯೋಜನೆ'ಗಳನ್ನು ಮಾರಿತ್ತು. ಮಗು ಚಿಕ್ಕದಿರುವಾಗ ತಂದೆತಾಯಿಗಳು ಕಂತು ಕಟ್ಟಬೇಕು. ಮಗು ಕಾಲೇಜು ಸೇರುವ ದಿನ ಶುಲ್ಕ ಎಷ್ಟೇ ಏರಿರಲಿ, ಅದನ್ನು ಕಂಪನಿ ತುಂಬುತ್ತದೆ. ಕೇಳಲು ಎಷ್ಟು ಹಿತವಾದ ಮಾತು! ಆದರೆ 'ಎಷ್ಟೇ ಆಗಲಿ' ಎಂಬ ಮಾತಿಗೆ ಹದ್ದಿಲ್ಲ. ಕಾಲೇಜುಗಳ ಶುಲ್ಕದ ಮೇಲಿನ ಸರ್ಕಾರದ ಹಿಡಿತ ಸಡಿಲವಾದ ಮೇಲೆ ಶುಲ್ಕ ಏರುತ್ತ ಹೋಯಿತು. 1997ರಲ್ಲಿ ಪೂರ್ವ ಏಷ್ಯವನ್ನೆಲ್ಲ ಹಣಕಾಸಿನ ಮುಗ್ಗಟ್ಟು ಹಿಡಿಯಿತು. ಕಂತಿನ ಹಣ ಬೆಳೆದ ವೇಗಕ್ಕಿಂತ ಶುಲ್ಕ ಬೆಳೆದ ವೇಗವೇ ಹೆಚ್ಚಾಯಿತು. 2005ರಲ್ಲಿ ಕಂಪನಿಯು ಮಕಾಟಿಯ ನ್ಯಾಯಾಲಯಕ್ಕೆ ಹೋಗಿ, ಪಾವತಿ ನಿಲ್ಲಿಸಲು ಅಪ್ಪಣೆ ಬೇಡಿತು. ಯೋಜನೆಗಳನ್ನು ಕೊಂಡಿದ್ದ 34,000ಕ್ಕೂ ಹೆಚ್ಚು ಮಂದಿ ದಿಕ್ಕೆಟ್ಟರು. ಇಂಥ ಬೇರೆ ಕಂಪನಿಗಳೂ ಆ ವರ್ಷಗಳಲ್ಲಿ ಅಲ್ಲಿ ಕುಸಿದವೆಂಬುದು ನಿಜ. ಆದರೆ ಮಗನ ಶುಲ್ಕ ಕಟ್ಟಬೇಕಾದ ತಾಯಿಗೆ ಅದರಿಂದ ಏನು ಸಮಾಧಾನ? ಪೋಷಕರು ಒಕ್ಕೂಟ ಕಟ್ಟಿ ಬೀದಿಗಿಳಿದರು, ಕಟುವಾಗಿ ಬರೆದರು. ಯುಚೆಂಗ್ಕೊ ಕುಟುಂಬದ ಕಡೆಯಿಂದ ಅವರ ಮೇಲೆ ಮಾನಹಾನಿಯ ಮೊಕದ್ದಮೆ ಹೂಡಲಾಯಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎಲ್ಲಿ ಹೂಡಬೇಕೆಂಬ ಸ್ಥಳದ ಪ್ರಶ್ನೆಯ ಮೇಲೆ ತಳ್ಳಿಹಾಕಿತು. 2016ರ ಫೆಬ್ರವರಿಯಲ್ಲಿ ಮತ್ತೊಂದು ಪೆಟ್ಟು ಬಿತ್ತು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಕಳವಾದ 8 ಕೋಟಿ 10 ಲಕ್ಷ ಡಾಲರು ಹರಿದುಹೋದದ್ದು ರಿಸಾಲ್ ಹೆಸರಿನ ಆ ಬ್ಯಾಂಕಿನ ಶಾಖೆಯೊಂದರ ಮೂಲಕ. ಆ ವರ್ಷವೇ ಬ್ಯಾಂಕಿಗೆ 100 ಕೋಟಿ ಪೆಸೊ ದಂಡ ಬಿದ್ದಿತು. 2017ರ ಏಪ್ರಿಲ್ 15ರಂದು, 94ನೆಯ ವಯಸ್ಸಿನಲ್ಲಿ, ಯುಚೆಂಗ್ಕೊ ಅವರು ತೀರಿಕೊಂಡರು.

ಇವರನ್ನು ಹೇಗೆ ಅಳೆಯಬೇಕು? ನಮ್ಮ ಹಿರಿಯರು ದಾನವೆಂಬುದನ್ನೂ ಋಣವೆಂಬುದನ್ನೂ ಬೇರೆಬೇರೆಯಾಗಿಯೇ ಎಣಿಸಿದರು. ಕೊಡಬೇಕಾದುದನ್ನು ಕೊಟ್ಟರೆ ಅದು ಋಣ ತೀರಿದಂತೆ. ಅದಕ್ಕೆ ಮೇಲೆ ಕೊಟ್ಟರೆ ದಾನ. ಯಾರೋ ವಿದ್ಯಾರ್ಥಿಗೆ ಕೊಟ್ಟ ವೇತನದ ಪುಣ್ಯವು ಕಂತು ಕಟ್ಟಿ ಕಾದಿದ್ದ ಇನ್ನೊಬ್ಬ ವಿದ್ಯಾರ್ಥಿಯ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಹಾಗೆಂದು ಆ ವೇತನದಿಂದ ಓದಿ ಮುಂದೆ ಬಂದವನ ಬಾಳು ಸುಳ್ಳಾಗುವುದೂ ಇಲ್ಲ. ಎರಡನ್ನೂ ಬೇರೆಬೇರೆ ಪುಟಗಳಲ್ಲಿ ಬರೆದಿಡುವುದೇ ನ್ಯಾಯ.

ನಮ್ಮ ಜಗಲಿಗೂ ಇಂಥ ಕಾಗದಗಳನ್ನು ಹಿಡಿದು ಬರುವವರಿದ್ದಾರೆ. ಎಲ್ಲರನ್ನೂ ಶಂಕಿಸಬೇಕಾಗಿಲ್ಲ; ವಿಮೆಯಿಂದ ಉಳಿದ ಸಂಸಾರಗಳು ಲೆಕ್ಕವಿಲ್ಲದಷ್ಟು. ಆದರೆ ಕುರ್ಚಿ ಕೊಟ್ಟು ಕೂರಿಸಿ ಎರಡು ಪ್ರಶ್ನೆ ಕೇಳಿರಿ: ಕೊಡುತ್ತೇವೆನ್ನುವ ಮೊತ್ತಕ್ಕೆ ಹದ್ದು ಎಲ್ಲಿದೆ? ಅದನ್ನು ಕೊಡಲು ಹಣ ಯಾವ ನಿಧಿಯಿಂದ ಬರುತ್ತದೆ? ಉತ್ತರ ಕಾಗದದ ಮೇಲೆ ಕಾಣಿಸಿದ ಮೇಲೆ ಸಹಿ ಹಾಕಿರಿ.